ಕಾಗದದ ಮನೆಯ ಮಾತು

ಗಂಜಿಯ ಬಟ್ಟಲು ತುಟಿಗೆ ತಾಗಿದೊಡನೆ ಮುದುಕ ಮತ್ತೆ ಮುಖ ತಿರುಗಿಸಿದ. ಹೆಂಡತಿ ಬೈದಳು, ಗೋಗರೆದಳು, ಕೊನೆಗೆ ಅತ್ತೂ ನೋಡಿದಳು. ಅವನು ತನ್ನ ತಾಯ್ನುಡಿಯಲ್ಲಿ ಏನೋ ಕೇಳಿ ಗೋಡೆಯ ಕಡೆ ಹೊರಳಿದ. ಯಾರೋ ಗುರುತಿಲ್ಲದವರ ಕೈಗೆ ಸಿಕ್ಕಿಬಿದ್ದವನಂತೆ ನೋಡುತ್ತಿದ್ದ.

ಹರೆಯದಲ್ಲಿ ಹಡಗು ಹತ್ತಿ ಬಂದು, ಚಿಂದಿ ಬಟ್ಟೆ ಕುಟ್ಟಿ ಕಾಗದ ಮಾಡುವ ವಿದ್ಯೆಯನ್ನು ಈ ಊರಿಗೆ ಕಲಿಸಿ, ಕಾಗದದ ಮನೆಯೆಂಬ ಕಾರ್ಖಾನೆ ನಡೆಸಿದವನು ಅವನು. ಮದುವೆಯಾದ ಮೇಲೆ ಮನೆಯಲ್ಲಿ ಹೆಂಡತಿಯ ಭಾಷೆ ಬಿಟ್ಟು ಬೇರೆ ಆಡಿದವನಲ್ಲ. ಅವನ ಪ್ರೀತಿ ಇದ್ದದ್ದೇ ಹಾಗೆ. ಈಗ ತಲೆಗೇರಿದ ಕಾಯಿಲೆ ಆ ಭಾಷೆಯನ್ನು ಪೂರ್ತಿ ಒರೆಸಿ, ಬಾಲ್ಯದ ನುಡಿಯೊಂದನ್ನೇ ಉಳಿಸಿತ್ತು. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಅದರ ಒಂದು ಪದವೂ ಬಾರದು. ಗಂಡ ಹಸಿದೇ ಸಾಯುತ್ತಾನೆಂಬ ಭಯಕ್ಕೆ ಅವಳಿಗೂ ಅನ್ನ ಇಳಿಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಕಾಗದದ ಮನೆಯ ಹಿರಿಯ ಕೆಲಸಗಾರ, ಎಲ್ಲರೂ ಕುಳ್ಳ ಎಂದೇ ಕರೆಯುವವನು, ಗುರುವನ್ನು ನೋಡಲು ಬಂದ. ಮುದುಕನ ಗೊಣಗಾಟದ ನಡುವೆ ಒಂದು ಪದ ಗುರುತು ಸಿಕ್ಕಿ ಅವನ ಕಿವಿ ನಿಮಿರಿತು. ಕಾಗದದ ಮನೆಯ ಕೆಲಸವೆಲ್ಲ ನಡೆಯುತ್ತಿದ್ದದ್ದೇ ಗುರು ತನ್ನ ತಾಯ್ನುಡಿಯಲ್ಲಿ ಕಲಿಸಿದ ಕೂಗುಗಳ ಮೇಲೆ. ಒನಕೆಗಳ ಸದ್ದಿನಲ್ಲಿ ಕೇಳಬೇಕಲ್ಲ, ಅವನ್ನು ಕಿರುಚಿಯೇ ರೂಢಿ. ಕುಳ್ಳ ಬಟ್ಟಲೆತ್ತಿಕೊಂಡು, ತೊಟ್ಟಿಯ ತಿರುಳು ಹದಕ್ಕೆ ಬಂದಾಗ ಕೂಗುವ ಹಾಗೆಯೇ "ತಯಾರ್" ಎಂದು ಅರಚಿದ.

ಮುದುಕ ಬೆಚ್ಚಿಬಿದ್ದ.

"ಮೆಲ್ಲಗೆ ಹೇಳೋ, ಇರೋ ಜೀವಾನೂ ಹೋದೀತು," ಎಂದಳು ಹೆಂಡತಿ.

"ಮೆಲ್ಲಗೆ ಹೇಳೋಕೆ ನಂಗೆ ಬರಲ್ಲಮ್ಮ. ಅವರು ಕಲಿಸಿದ್ದೇ ಹೀಗೆ."

ಆದರೆ ಮುದುಕ ಗೋಡೆ ಬಿಟ್ಟು ಇತ್ತ ತಿರುಗಿದ್ದ.

ಅವಳು ಕುಳ್ಳನ ಕೈಯಿಂದ ಬಟ್ಟಲು ಕಿತ್ತುಕೊಂಡು, ಇನ್ನೂ ಏನೇನು ಗೊತ್ತೋ ಎಲ್ಲ ಹೇಳು ಎಂದು ಕೂರಿಸಿದಳು. ಅವನು ಒಂದೊಂದಾಗಿ ಹೇಳಿಕೊಟ್ಟ. ಹಸಿ ಹಾಳೆ ಎತ್ತುವಾಗ ಹುಷಾರ್. ತೊಟ್ಟಿ ಬರಿದಾದರೆ ಖಾಲಿ. ಹಾಳೆಯ ನೀರು ಹಿಂಡಲು ದಿಮ್ಮಿ ಒತ್ತುವಾಗ ಜೋರ್. ಜೋರ್ ಸದ್ಯಕ್ಕೆ ಬೇಡ ಎಂದು ಅವಳು ಅದೊಂದನ್ನು ಬಿಟ್ಟಳು.

ಗಂಡನ ಬೆನ್ನಿಗೆ ಕೈ ಕೊಟ್ಟು ಎಬ್ಬಿಸುತ್ತಾ, "ಹುಷಾರ್," ಎಂದಳು. ಆ ಮಾತನ್ನು ಕಾಗದದ ಮನೆಯಲ್ಲಿ ಅಷ್ಟು ಮೃದುವಾಗಿ ಯಾರೂ ಹೇಳಿರಲಿಲ್ಲ. ಮುದುಕನ ಬಿಗಿದ ಮೈ ಸಡಿಲವಾಯಿತು. ಒಂದು ಗುಟುಕು ಕುಡಿದ, ಇನ್ನೊಂದು ಕುಡಿದ, ಆಮೇಲೆ ಬಟ್ಟಲನ್ನು ತಾನೇ ಹಿಡಿದುಕೊಂಡ. ತಳ ಕಂಡಾಗ "ಖಾಲಿ" ಎಂದು ಅದನ್ನು ಇಸಿದುಕೊಂಡಳು. ಕುಳ್ಳನ ಕೈ ಹಿಡಿದುಕೊಂಡಳು.

"ನಿನ್ನ ಋಣ ಹೇಗೆ ತೀರಿಸ್ಲಪ್ಪ?"

"ನಂದೇನಿದೆಯಮ್ಮ ಇದರಲ್ಲಿ? ಎಲ್ಲ ಅವರು ಕೊಟ್ಟಿದ್ದೇ."

ಮುದುಕ ಹೊದಿಕೆಯ ಅಂಚನ್ನು ಜಗ್ಗಿ, "ಚಾದರ್," ಎಂದ. ಇದು ಕುಳ್ಳನಿಗೂ ಹೊಸದು. ಅವಳು ತನ್ನ ನುಡಿಯ ರೂಢಿಯಂತೆ ಕೊನೆಗೊಂದು ಸ್ವರ ಸೇರಿಸಿ "ಚಾದರ" ಎಂದಳು. ಅವನು ಅಲ್ಲವೆಂದು ತಲೆಯಾಡಿಸಿ ಮತ್ತೆ ಹೇಳಿದ. ಅವಳು ಮತ್ತೂ ಚಾದರವೆಂದೇ ಅಂದಳು. ಕಾಯಿಲೆ ಬಿದ್ದ ಮೇಲೆ ಮೊದಲ ಸಲ ಅವನಿಗೆ ನಗು ಬಂತು. ನಗುತ್ತಲೇ ಹೊದಿಕೆಯನ್ನು ಸ್ವಲ್ಪ ಎತ್ತಿ, ಗೋಡೆಯತ್ತ ಸರಿದು, ಅವಳು ಕೂರುವಷ್ಟು ಎಡೆ ಬಿಟ್ಟ.