ಹದಿನೆಂಟು, ಹದಿನೆಂಟು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಚಿಕ್ಕಬಳ್ಳಾಪುರದಿಂದ ಎರಡು ಬಸ್ಸು ಹತ್ತಿಳಿದು ಸಾದಲಿ ಕಡೆಯ ಹೈಸ್ಕೂಲಿಗೆ ಬಂದು ಗಣಿತ ಹೇಳುವವಳಿಗೆ ಅದು ಇನ್ನೆಲ್ಲಿರಬೇಕು?

ಒಂಬತ್ತನೇ ತರಗತಿಗೆ ಗ್ರಾಫ್ ಪಾಠ. ಪುಸ್ತಕ ಪಕ್ಕಕ್ಕಿಟ್ಟು ಪ್ರಾಜೆಕ್ಟ್ ಮಾಡಿಸುತ್ತೇನೆ ಎಂದಾಗ ಹೆಡ್‌ಮಾಸ್ಟರ್ ಯೋಗನರಸಿಂಹ ಅವರು ಕನ್ನಡಕ ಇಳಿಸಿ ನೋಡಿದರು.

"ಮಾಡ್ಸಿ ಶ್ರೀವಲ್ಲಿ ಮೇಡಮ್. ಮುಂದಿನ ಶುಕ್ರವಾರ ನಾನೇ ಬಂದು ಕೂತ್ಕೋತೀನಿ. ಮಕ್ಕಳಿಗೆ ಲೆಕ್ಕ ಬಂದಿದ್ರೆ ಸರಿ, ಇಲ್ದಿದ್ರೆ ವಾಪಸ್ ಪುಸ್ತಕ."

ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಜನರ ಮನೆಯಲ್ಲಿ ರೇಷ್ಮೆ ಹುಳವಿದೆ. ಇಪ್ಪತ್ತು ಹುಳ ಬೇರೆ ಇಟ್ಟು ದಿನಾ ಬೆಳಿಗ್ಗೆ ತೂಕ ಮಾಡಬೇಕು, ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡಬೇಕು ಎಂದೆ. ಗಣಿತವೆಂದರೆ ಮುಂದಿನವರ ಬೆನ್ನ ಹಿಂದೆ ಅವಿತುಕೊಳ್ಳುವ ತನುಶ್ರೀ ಮೊದಲ ಸಲ ಕೈಯೆತ್ತಿ, "ನಮ್ಮನೇಲಿ ಮಾಡ್ತೀನಿ ಮಿಸ್" ಎಂದಳು. ಲ್ಯಾಬಿನ ಪುಟ್ಟ ತಕ್ಕಡಿಯನ್ನು ಅವಳಿಗೇ ಕೊಟ್ಟೆ.

ಶನಿವಾರದಿಂದ ಗುರುವಾರದವರೆಗಿನ ತೂಕ ಬರೆದು ತಂದಳು. ಐದು ಗ್ರಾಂ, ಒಂಬತ್ತು, ಹದಿನಾಲ್ಕು, ಹದಿನೆಂಟು, ಹದಿನೆಂಟು, ಇಪ್ಪತ್ನಾಲ್ಕು.

"ಬುಧವಾರ ತೂಕಾನೇ ಮಾಡಿಲ್ಲ. ಮಂಗಳವಾರದ್ದನ್ನೇ ಕಾಪಿ ಹೊಡ್ದಿದ್ದೀಯ, ಅಲ್ವೇನೇ?"

ತಲೆ ತಗ್ಗಿಸಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಎಂದುಕೊಂಡೆ. ಅವಳು ಎರಡನೆಯ ಹದಿನೆಂಟನ್ನು ಅಳಿಸಿ ಇಪ್ಪತ್ತೊಂದು ಮಾಡಿದಳು. ಚುಕ್ಕಿಗಳೆಲ್ಲ ಹೆಚ್ಚುಕಡಿಮೆ ಒಂದೇ ಗೆರೆಗೆ ಬಂದವು. ನನಗೆ ಖುಷಿಯಾಯಿತು.

ಸಂಜೆ ತಕ್ಕಡಿ ತರಲು ಅವಳ ಮನೆಗೆ ಹೋದೆ. ಅಜ್ಜಿ ನಾರಾಯಣಮ್ಮ ಜಗಲಿಯಲ್ಲೇ ತಡೆದರು.

"ರಾಂಡಿ, ಬನ್ನಿ ಮೇಡಮ್, ಕೂತ್ಕಳಿ. ಹುಳದ ಮನೆಗೆ ಮಾತ್ರ ಬರಬೇಡಿ, ಈಗಿನ್ನೂ ಜ್ವರದಿಂದ ಎದ್ದವೆ."

"ಜ್ವರಾನಾ?"

"ಪೊರೆ ಬಿಡೋದು. ನಿನ್ನೆಯೆಲ್ಲ ಸೊಪ್ಪು ಮುಟ್ಟದೆ ಸುಮ್ನೆ ಕೂತಿದ್ವು. ಆವಾಗ ಅಲುಗಾಡಿಸಬಾರದು ಅಂತ ಬೈದೆ. ಕೇಳಿದ್ರೆ ತಾನೆ! ಮಿಸ್ ಹೇಳವ್ರೆ ಅಂತ ಕಾಗದದ ಸಮೇತ ಎತ್ತಿ ತೂಕ ಮಾಡಿದ್ಳು."

ತೂಕ ಮಾಡಿದ್ದಕ್ಕೆ ಮನೆಯಲ್ಲಿ ಬೈಗುಳ, ಮಾಡಲಿಲ್ಲವೆಂದು ನನ್ನಿಂದ ಬೈಗುಳ.

"ಯಾಕಮ್ಮ ಹೇಳ್ಲಿಲ್ಲ?" ಎಂದು ಬಾಗಿಲ ಬಳಿ ನಿಂತಿದ್ದ ತನುಶ್ರೀಯನ್ನು ಕೇಳಿದೆ.

"ನೀವು ಮಿಸ್ ಅಲ್ವಾ. ಲೆಕ್ಕದಲ್ಲಿ ಹುಳಕ್ಕೆ ಜ್ವರ ಬರಲ್ವೇನೋ ಅಂದ್ಕೊಂಡೆ."

ಆ ದಿನ ಬಸ್ಸಿನಲ್ಲಿ ನನ್ನ ಮೇಲೆ ನನಗೇ ಅಸಹ್ಯವಾಗಿತ್ತು.

ಶುಕ್ರವಾರ ಹೆಡ್‌ಮಾಸ್ಟರು ಹಿಂದಿನ ಬೆಂಚಿನಲ್ಲಿ ಕುಳಿತಿರುವಂತೆಯೇ, "ತನುಶ್ರೀ ಬರೆದಿದ್ದ ಹದಿನೆಂಟೇ ಸರಿ, ಅಳಿಸೋ ಹಾಗೆ ಮಾಡಿದ್ದು ನಾನು. ತಪ್ಪು ನಂದು" ಎಂದೆ. ಅವಳು ಬೋರ್ಡಿನ ಮೇಲೆ ಗ್ರಾಫ್ ಎಳೆದಳು.

"ಮಂಗಳವಾರದಿಂದ ಬುಧವಾರಕ್ಕೆ ಎಷ್ಟು ಏರ್ತಮ್ಮ?" ಹೆಡ್‌ಮಾಸ್ಟರು ಕೇಳಿದರು.

"ಸೊನ್ನೆ ಸಾರ್."

"ಹುಳ ಸತ್ತೋಯ್ತಾ?"

"ಇಲ್ಲ ಸಾರ್, ಜ್ವರ. ಅದಕ್ಕೇ ಗೆರೆ ಮಲಗೈತೆ. ಎದ್ದ ಮೇಲೆ ನೋಡಿ, ಒಂದೇ ದಿನಕ್ಕೆ ಆರು."

ಅವರು ನಕ್ಕರು. "ಸರಿ, ಒಟ್ಟು ಸರಾಸರಿ ದಿನಕ್ಕೆಷ್ಟು?"

ಅವಳು ಒಟ್ಟು ಏರಿಕೆಯಾದ ಹತ್ತೊಂಬತ್ತನ್ನು ಆರರಿಂದ ಭಾಗಿಸಲು ಹೊರಟಳು. ತರಗತಿಯಲ್ಲಿ ಯಾರೂ ತಡೆಯಲಿಲ್ಲ.

"ಚುಕ್ಕಿ ಆರು ಕಣಮ್ಮ. ನಡುವೆ ದಿನ ಎಷ್ಟು?" ಎಂದರು ಹೆಡ್‌ಮಾಸ್ಟರು.

ನಾಲಿಗೆ ಕಚ್ಚಿಕೊಂಡು ಐದು ಎಂದಳು. ಅಂಥ ಎಂಟು ಲೆಕ್ಕ ಪುಸ್ತಕದಲ್ಲಿದ್ದವು, ನಾನೇ ಬಿಟ್ಟಿದ್ದೆ. ಹೆಡ್‌ಮಾಸ್ಟರು ಎದ್ದು, "ಹುಳಾನೂ ಇರ್ಲಿ ಮೇಡಮ್, ಪುಸ್ತಕದ ಆ ಎಂಟು ಲೆಕ್ಕಾನೂ ಆಗ್ಲಿ" ಎಂದು ಹೋದರು. ಅವರ ಮಾತು ಸರಿ ಎಂದು ಒಪ್ಪಿಕೊಳ್ಳಲು ನನಗೆ ಬಸ್ ಸ್ಟಾಪಿನವರೆಗೂ ಹೊತ್ತು ಹಿಡಿಯಿತು.

ಸೋಮವಾರ ಎಂಟೂ ಲೆಕ್ಕ ಮಾಡಿಸಿದೆ. ಕೊನೆಯದು, ಗಂಟೆಗೆ ನಲವತ್ತು ಕಿಲೋಮೀಟರ್ ಹೋಗುವ ಬಸ್ಸಿನ ಗ್ರಾಫ್. ತನುಶ್ರೀಯ ನೋಟ್‌ಬುಕ್ಕಿನಲ್ಲಿ ಗೆರೆ ನೇರವಾಗಿತ್ತು, ಉತ್ತರ ಸರಿಯಾಗಿತ್ತು. ಅದರ ಕೆಳಗೆ ಪೆನ್ಸಿಲಿನಲ್ಲಿ ಚಿಕ್ಕದಾಗಿ ಬರೆದಿದ್ದಳು: "ಮಿಸ್, ಈ ಬಸ್ಸು ಯಾವ ಸ್ಟಾಪಲ್ಲೂ ನಿಲ್ಲಲ್ವಾ?"

ಉತ್ತರಕ್ಕೆ ರೈಟ್ ಹಾಕಿದೆ. ಪ್ರಶ್ನೆಗೆ ಇನ್ನೂ ದೊಡ್ಡದೊಂದು ಹಾಕಿದೆ.