ಅಜ್ಜನ ಕಾಲದ ಕಸಿ ಚಾಕು

ಕಸಿ ಕಟ್ಟುವವರ ಆ ಮನೆಯಲ್ಲಿ ಬೆಳಗು ಶುರುವಾಗುತ್ತಿದ್ದುದು ಸಾಣೆಕಲ್ಲಿನಿಂದ. ಹಿತ್ತಲ ಬಾಗಿಲ ಹೊರಗೆ, ನಲ್ಲಿಯ ಪಕ್ಕದಲ್ಲಿ, ನಡುವೆ ತೊಟ್ಟಿಲಿನಂತೆ ಸವೆದ ಒಂದು ಕಪ್ಪು ಕಲ್ಲು. ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಮೊದಲು ಅಜ್ಜ ಚಾಕು ಮಸೆಯುತ್ತಿದ್ದ, ಅವನ ನಂತರ ಅಪ್ಪ, ಅಪ್ಪನ ಕಣ್ಣು ಮಂಜಾದ ಮೇಲೆ ಮನೆಯ ಇಬ್ಬರು ಮಕ್ಕಳಲ್ಲಿ ಕಿರಿಯವನಾದ ತಮ್ಮ. ಹಿಂದಿನ ದಿನ ಒಂದೇ ಒಂದು ಕುಡಿ ಕೊಯ್ಯದಿದ್ದರೂ ಸರಿ, ಜ್ವರ ಬಂದು ಮೈ ಕೆಂಡವಾಗಿದ್ದರೂ ಸರಿ, ಮಸೆಯುವುದು ತಪ್ಪುವಂತಿರಲಿಲ್ಲ. ಮಸೆಯುತ್ತಾ ತುಟಿಯೊಳಗೆ ದೇವರ ಹೆಸರು ಹೇಳಿಕೊಳ್ಳುವುದು ವಾಡಿಕೆ. ಒಳಗೆ ಮಲಗಿದ್ದ ಮಕ್ಕಳು ದೇವರ ಹೆಸರನ್ನೂ ಕಬ್ಬಿಣದ ಸದ್ದನ್ನೂ ಒಟ್ಟಿಗೇ ಕೇಳುತ್ತಾ, ಎರಡೂ ಒಂದೇ ಎಂದು ನಂಬಿ ಬೆಳೆದರು.

“ನಿಮ್ಮಪ್ಪ ಆ ಚಾಕುಗೆ ಮಾಡಿದ ಸೇವೆಯಲ್ಲಿ ಕಾಲುಭಾಗ ನನಗೆ ಮಾಡಿದ್ರೆ ನಾನು ಇನ್ನೂ ಮದುವಣಗಿತ್ತಿ ಹಾಗೆ ಇರ್ತಿದ್ದೆ” ಎಂದು ಅಮ್ಮ ನಗುತ್ತಿದ್ದಳು.

ಕಸಿ ಎಂದರೆ ಹೆಚ್ಚೇನೂ ಇಲ್ಲ. ಒಳ್ಳೆಯ ಹಣ್ಣಿನ ಮರದ ಕುಡಿಯನ್ನು ಓರೆಯಾಗಿ ಕೊಯ್ದು, ಗಟ್ಟಿ ಬೇರಿನ ಸಸಿಯ ತಲೆ ಸೀಳಿ, ಆ ಸೀಳಿನಲ್ಲಿ ಕೂರಿಸಿ ಪಟ್ಟಿ ಬಿಗಿಯುವುದು. ಎರಡು ಗಾಯವೂ ನುಣುಪಾಗಿದ್ದರೆ ಒಂದನ್ನೊಂದು ಕೂಡಿಕೊಳ್ಳುತ್ತವೆ. ಒಂದು ಜಜ್ಜಿ ಹೋದರೂ ಒಳಗೊಳಗೇ ಕೊಳೆಯುತ್ತದೆ. ಮಿಕ್ಕದ್ದು ಮೇಲಿನವನಿಗೆ ಬಿಟ್ಟದ್ದು. ಅಜ್ಜ ಸಾಯುವಾಗ ಹೇಳಿ ಹೋದದ್ದು ಒಂದೇ ಮಾತು: ಕೈ ಬದಲಾಗಲಿ, ಚಾಕು ಬದಲಾಗಬಾರದು.

ಚಾಕು ತಮ್ಮನ ಕೈಗೆ ಬಂದ ವರ್ಷವೇ ಕಸಿಗಳು ಕೂಡುವುದು ಕಡಿಮೆಯಾಯಿತು. ಕಪ್ಪಾದ ಕುಡಿಗಳನ್ನು ಅಪ್ಪ ಕುರ್ಚಿಯಲ್ಲಿ ಕೂತೇ ಬೆರಳಿನಲ್ಲಿ ತಡವಿ ನೋಡುತ್ತಿದ್ದ. ತಮ್ಮ ಇನ್ನೂ ಬೇಗ ಎದ್ದು ಇನ್ನೂ ಶ್ರದ್ಧೆಯಿಂದ ಚಾಕು ಮಸೆದ. ಮರುವರ್ಷ ಇನ್ನೂ ಕೆಟ್ಟಿತು. ಸಸಿ ಕೊಳ್ಳಲು ಬಂದವರ ಎದುರೇ ಅಪ್ಪ ಹೇಳಿದ:

“ಚಾಕು ಅದೇ, ಗಿಡ ಅದೇ, ನೀರು ಅದೇ. ಬದಲಾಗಿದ್ದು ಕೈ ಒಂದೇ. ನಿನಗೆ ಕೈಗುಣ ಇಲ್ಲ ಕಣೋ.”

ಕೈಗುಣ ಕಲಿತು ಬರುವಂಥದ್ದಲ್ಲ, ಗಟ್ಟಿಸಿ ಕೇಳಿ ಪಡೆಯುವಂಥದ್ದೂ ಅಲ್ಲ. ತಮ್ಮ ಎದುರು ಮಾತಾಡಲಿಲ್ಲ. ಹಣ್ಣು ತರಕಾರಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿಕೊಂಡ. ಸಸಿತೋಟ ಅಕ್ಕನ ಪಾಲಿಗೆ ಬಂತು. ಹೆಣ್ಣುಮಕ್ಕಳು ಪಟ್ಟಿ ಕಟ್ಟಬಹುದು, ಚಾಕು ಹಿಡಿಯುವಂತಿಲ್ಲ ಎಂಬುದು ಆ ಮನೆಯ ಕಟ್ಟಳೆ. ಹಾಗಾಗಿ ಅಕ್ಕ ಬೀಜದ ಸಸಿಗಳನ್ನಷ್ಟೇ ಬೆಳೆಸಿ ಮಾರುತ್ತಾ ಬಂದಳು.

ಅಪ್ಪ ತೀರಿಕೊಂಡು ವರ್ಷ ತುಂಬುತ್ತಾ ಬಂದಾಗ ಅಕ್ಕನಿಗೆ ಒಂದು ಯೋಚನೆ ಹೊಳೆಯಿತು. ಸವೆದು ಗರಿಯಂತಾಗಿದ್ದ ಆ ಅಲಗನ್ನೇ ಕಾಯಿಸಿ ಬಡಿಸಿ, ಹೊಸ ಹಿಡಿ ಹಾಕಿಸಿ, ಅಪ್ಪನ ನೆನಪಿಗೆಂದು ತಮ್ಮನ ಕೈಯಲ್ಲಿಡಬೇಕು. ಅಪ್ಪನ ಚಾಕು ತಾನಾಗಿ ಅವನ ಕೈಗೆ ಬಂದರೆ ಅಪ್ಪ ಆಡಿದ ಮಾತನ್ನು ಅಪ್ಪನೇ ವಾಪಸು ತೆಗೆದುಕೊಂಡ ಹಾಗೆ. ಆಗ ಅವನು ತೋಟಕ್ಕೆ ಮರಳಿಯಾನು. ಅವಳಿಗೆ ಬೇಕಾಗಿದ್ದುದು ಅಷ್ಟೇ. ನೆನಪು, ಗೌರವ ಎಲ್ಲಾ ಬಾಯಿಮಾತಿಗೆ.

ಕಮ್ಮಾರನ ಕುಲುಮೆ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಗೇಟು, ಕಿಟಕಿ ಸರಳುಗಳ ನಡುವೆ ಒಂದು ಮೂಲೆಯಲ್ಲಿ ಬೆಂಕಿ.

“ಚಾಕು ಮಾಡಿಸೋಕೆ ಬರೋರು ಎರಡೇ ಥರ ತಾಯಿ” ಎಂದ ಕಮ್ಮಾರ. “ಅಡುಗೆ ಮಾಡೋರು, ಜಗಳ ಮಾಡೋರು. ನಿಮ್ಮದು ಯಾವ ಪಾರ್ಟಿ?”

“ಮೂರನೇದು ಅಣ್ಣ. ಜಗಳ ಬಿಡಿಸೋರು.”

ಅವನು ನಕ್ಕು ಬಟ್ಟೆಯ ಗಂಟು ಬಿಚ್ಚಿದ. ಅಲಗನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದ. “ಇದರಲ್ಲಿ ಉಳಿದಿರೋದೇನು? ಇದಕ್ಕಿಂತ ನನ್ನ ಕಿವಿ ಕಡ್ಡಿ ದಪ್ಪ ಇದೆ. ಹೊಸದೇ ಮಾಡಿಕೊಡ್ತೀನಿ, ಇದನ್ನ ಗಾಜಿನ ಪೆಟ್ಟಿಗೆಯಲ್ಲಿಡಿ.”

“ಇದೇ ಬೇಕು. ಇದರ ಚೂರೂ ಹೊರಗೆ ಬೀಳಬಾರದು.”

“ಹಟ ಅಪ್ಪನ ಕಡೆಯಿಂದ ಬಂದಿದ್ದೋ, ಅಮ್ಮನ ಕಡೆಯಿಂದಲೋ?”

“ಚಾಕುವಿನ ಕಡೆಯಿಂದ” ಎಂದಳು ಅಕ್ಕ.

ಮತ್ತೆ ಹೋದಾಗ ಅವನು ತಮಾಷೆ ಮಾಡಲಿಲ್ಲ. ಮರದ ದಿಮ್ಮಿಯ ಮೇಲಿನ ಧೂಳು ಒರೆಸಿ ಕೂರಲು ಹೇಳಿದ.

“ಹಳೇ ಕಾಲದ ಚಾಕು ಹೇಗೆ ಗೊತ್ತಾ? ಮೈಯೆಲ್ಲಾ ಕಬ್ಬಿಣ, ಬಾಯಿಗೆ ಮಾತ್ರ ಒಂದೆಳೆ ಉಕ್ಕು ಬೆಸೆದಿರ್ತಾರೆ. ಆ ಎಳೆ ಇರೋ ತನಕ ಚಾಕು. ಇದನ್ನ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದೆ. ಉಕ್ಕಾಗಿದ್ರೆ ಅರ ಉಜ್ಜಿದಾಗ ಜಾರಬೇಕು. ನೋಡಿ.” ಅವನು ಅರ ಎಳೆದ. ಅದು ಅಲಗನ್ನು ಕಚ್ಚಿಕೊಂಡು ಬೆಲ್ಲ ಹೆರೆದಂತೆ ಹೆರೆಯಿತು. “ಉಕ್ಕೇ ಇಲ್ಲ ತಾಯಿ. ಸವೆದು ಹೋಗಿ ಎಷ್ಟೋ ವರ್ಷ ಆಗಿದೆ. ದಿನಾ ಮಸೀತಿದ್ರಾ?”

“ದಿನಾ.”

“ಕೆಲಸ ಇಲ್ಲದ ದಿನಾನೂ?”

ಅಕ್ಕ ಹೌದೆಂದು ತಲೆಯಾಡಿಸಿದಳು.

“ಬರೀ ಕಬ್ಬಿಣಾನೂ ಮಸೆದ್ರೆ ಹರಿತ ಬರುತ್ತೆ. ನಾಲ್ಕು ಕಡ್ಡಿ ಕೊಯ್ಯೋಷ್ಟರಲ್ಲಿ ಬಾಯಿ ಮಡಚ್ಕೊಳ್ಳುತ್ತೆ. ಆಮೇಲೆ ಕೊಯ್ಯಲ್ಲ, ಜಜ್ಜುತ್ತೆ. ಹಿಡಿದವನಿಗೆ ತನ್ನ ಕೈಯೇ ಭಾರವೇನೋ ಅನ್ನಿಸುತ್ತೆ.”

ತಿದಿಯ ಬಾಯಿಂದ ಬೂದಿ ಹಾರಿ ಅವಳ ಸೀರೆಯ ಮೇಲೆ ಕೂರುತ್ತಿತ್ತು. ಅವಳು ಕೊಡವಿಕೊಳ್ಳಲಿಲ್ಲ. ಮೂರು ತಲೆಮಾರಿನವರು ದೇವರ ಹೆಸರು ಹೇಳುತ್ತಾ ಆ ಎಳೆಯನ್ನು ದಿನಕ್ಕಿಷ್ಟು ಕಲ್ಲಿಗೆ ತೇಯ್ದು ನೀರಿಗೆ ಬಿಟ್ಟಿದ್ದರು. ಕೊನೆಯ ಕೂದಲೆಳೆ ತಮ್ಮನ ಸರದಿಗೆ ಮುಗಿದಿತ್ತು. ಕಸಿ ಕೆಟ್ಟಷ್ಟೂ ಅವನು ಹೆಚ್ಚು ಮಸೆದಿದ್ದ. ಚಾಕುವನ್ನು ಅನುಮಾನಿಸಿದರೆ ಅಜ್ಜನನ್ನು ಅನುಮಾನಿಸಿದ ಹಾಗೆ. ಆ ಮನೆಯಲ್ಲಿ ಅದು ಯಾರ ತಲೆಗೂ ಬರುವ ಮಾತಾಗಿರಲಿಲ್ಲ.

ಎದೆ ಭಾರವಾದರೂ ಅದರ ಅಡಿಯಲ್ಲೇ ಅವಳಿಗೆ ಒಂದು ಸಂತೋಷ ಹುಟ್ಟಿತು. ತಮ್ಮನ ಕೈಯಲ್ಲಿ ತಪ್ಪಿರಲಿಲ್ಲ! ನೆನಪಿನ ಚಾಕು ಒಯ್ಯಬೇಕೆಂದಿದ್ದವಳಿಗೆ ದೇವರು ಸಾಕ್ಷಿಯನ್ನೇ ಕೊಟ್ಟಿದ್ದ.

“ಇದೇ ಕಬ್ಬಿಣಕ್ಕೆ ಹೊಸ ಉಕ್ಕು ಬೆಸೀರಿ ಅಣ್ಣ” ಎಂದಳು.

ಚಾಕು ಬಂದ ದಿನ ತಮ್ಮನಿಗೆ ರಜೆ. ಅಮ್ಮ ಹಿತ್ತಲ ಕಟ್ಟೆಯ ಮೇಲೆ ತಟ್ಟೆಯಲ್ಲಿ ಬೀಜ ಆರಿಸುತ್ತಿದ್ದಳು. ಅಕ್ಕ ಒಂದು ಸಸಿಯನ್ನೂ ಒಂದು ಹಸಿ ಕುಡಿಯನ್ನೂ ತಂದಿಟ್ಟು, ಚಾಕುವನ್ನು ಅವನ ಅಂಗೈಗೆ ಹಾಕಿ, ಕಮ್ಮಾರ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

ತಮ್ಮ ಚಾಕುವನ್ನು ತಿರುಗಿಸಿ ನೋಡಿದ. ಅಲಗಿನ ಮೈಯಲ್ಲಿ ಹಳೆಯ ಕಬ್ಬಿಣ ಕಪ್ಪಗಿತ್ತು. ಬಾಯಿಯ ಉದ್ದಕ್ಕೂ ಹೊಸ ಉಕ್ಕಿನ ಬಿಳಿ ಗೆರೆ. ಕುಡಿಯನ್ನೆತ್ತಿ ಓರೆಯಾಗಿ ಒಂದು ಸಲ ಎಳೆದ. ಕೊಯ್ದ ಜಾಗ ಒದ್ದೆ ಗಾಜಿನಂತೆ ಹೊಳೆಯಿತು. ಇನ್ನೊಂದು ಮಗ್ಗುಲನ್ನೂ ಕೊಯ್ದ. ಸಸಿಯ ತಲೆ ಸೀಳಿ ಕುಡಿಯನ್ನು ಇಳಿಸಿದ. ಎಲ್ಲಾದರೂ ಸಂದು ಇದೆಯೇ ಎಂದು ಅಕ್ಕ ಬಗ್ಗಿ ನೋಡಿದಳು, ಇರಲಿಲ್ಲ.

“ನೋಡಿದ್ಯಾ? ಕೈಗುಣ ಇಲ್ವಂತೆ ಕೈಗುಣ! ಯಾವ ರಾಜನ ಕೈಗೂ ಇಲ್ಲ ಇಂಥ ಗುಣ.”

“ಅಪ್ಪನಿಗೆ ಗೊತ್ತಿತ್ತಾ?” ಎಂದು ಕೇಳಿದ ತಮ್ಮ.

“ಏನು?”

“ಉಕ್ಕು ಮುಗಿದಿದೆ ಅಂತ.”

“ಹುಚ್ಚಪ್ಪ, ಅವರಿಗೆ ಕಣ್ಣೇ ಕಾಣ್ತಿರಲಿಲ್ಲ.”

“ಕಣ್ಣು ಕಾಣ್ತಿರಲಿಲ್ಲ” ಎಂದಳು ಅಮ್ಮ, ಬೀಜದಿಂದ ತಲೆ ಎತ್ತದೆ. “ಬೆರಳು ಇತ್ತಲ್ಲ.”

ಇಬ್ಬರೂ ಅವಳ ಕಡೆ ತಿರುಗಿದರು.

“ನೀನು ಕೆಲಸಕ್ಕೆ ಸೇರಿದ ಮೇಲೆ ಒಂದಿನ ಚಾಕು ಕೊಡು ಅಂದ್ರು. ಬಾಯಿ ಮೇಲೆ ಉಗುರು ಓಡಿಸಿದ್ರು. ಕಡ್ಡಿ ಕೊಡು ಅಂದ್ರು, ಕೊಯ್ದ್ರು. ಇನ್ನೊಂದು ಕೊಡು, ಇನ್ನೊಂದು ಕೊಡು ಅಂದ್ರು. ಕೊಯ್ದಿದ್ದನ್ನೆಲ್ಲಾ ಒಂದೊಂದಾಗಿ ತುಟಿಗೆ ಒತ್ತಿ ನೋಡ್ಕೊಂಡ್ರು. ಊಟಕ್ಕೆ ಕರೆದೆ, ಏಳಲಿಲ್ಲ. ಸಂಜೆ ಚಾಕು ನನ್ನ ಕೈಗೆ ಕೊಟ್ಟು, ಎಣ್ಣೆ ಹಚ್ಚಿ ಒಳಗಿಡು ಅಂದ್ರು. ಅಷ್ಟೇ.”

“ಏನಾಯ್ತು ಅಂತ ನೀನು ಕೇಳಲಿಲ್ವಾ ಅಮ್ಮ?” ಎಂದಳು ಅಕ್ಕ.

“ಮುದುಕನಿಗೆ ಹಳೇ ಕೆಲಸ ನೆನಪಾಯ್ತೇನೋ ಅಂದ್ಕೊಂಡೆ. ಉಕ್ಕು ಯಾವುದು, ಕಬ್ಬಿಣ ಯಾವುದು, ನನಗೇನು ಗೊತ್ತು? ಈಗ ನೀನು ಹೇಳಿದಾಗ ತಾನೇ ತಿಳಿದದ್ದು.” ಅಮ್ಮನ ಕೈ ತಟ್ಟೆಯಲ್ಲಿ ಒಂದೇ ಬೀಜವನ್ನು ಅತ್ತಿತ್ತ ಸರಿಸುತ್ತಿತ್ತು.

ತಮ್ಮ ಚಾಕುವನ್ನು ಕಟ್ಟೆಯ ಮೇಲಿಟ್ಟ.

“ಅದಾದ ಮೇಲೂ ಅವರು ಎಷ್ಟೊಂದು ದಿನ ಬದುಕಿದ್ರು” ಎಂದ. “ದಿನಾ ಎದುರುಬದುರು ಕೂತು ಊಟ ಮಾಡ್ತಿದ್ವಿ. ನೀರು ಕೊಡೋ ಅಂತಿದ್ರು, ಕೊಡ್ತಿದ್ದೆ.”

“ಹೇಳಬೇಕು ಅಂತಾನೇ ಇದ್ರೇನೋ ಕಣೋ. ಬಾಯಿ ಬಂದಿರಲ್ಲ. ಹೋದವರನ್ನ...”

“ನಾನೇನೂ ಅಂದಿಲ್ಲ ಅಕ್ಕ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಕೈಗುಣ ಇಲ್ಲ ಅಂದ್ರೆ ದೇವರು ಕೊಡಲಿಲ್ಲ ಅಂತ. ದೇವರ ಹತ್ತಿರ ಜಗಳ ಆಡೋಕಾಗುತ್ತಾ? ಅದಕ್ಕೇ ಸಮಾಧಾನವಾಗಿದ್ದೆ. ಪೆಟ್ಟಿಗೆ ಹೊತ್ತು ಬಂದ್ರೂ ಚೆನ್ನಾಗೇ ನಿದ್ದೆ ಮಾಡ್ತಿದ್ದೆ. ಈಗ ಯಾರ ಹತ್ತಿರ ಹೋಗಿ ಜಗಳ ಆಡಲಿ, ಹೇಳು?”

ಒಳ್ಳೆಯದಾಗಲೆಂದು ಹೊರಟು ಅವನ ಬಳಿ ಇದ್ದ ಒಂದೇ ಒಂದು ಊರುಗೋಲನ್ನು ತಾನು ಕಿತ್ತುಕೊಂಡೆನೆಂದು ಅಕ್ಕನಿಗೆ ಆಗ ಅರ್ಥವಾಯಿತು.

“ಚಾಕು ಚೆನ್ನಾಗಿದೆ” ಎಂದ ಅವನು ಏಳುತ್ತಾ. “ನೀನೇ ಇಟ್ಕೋ.” ನಲ್ಲಿಯಲ್ಲಿ ಕೈ ತೊಳೆದು, ಪಂಚೆಗೆ ಒರೆಸಿಕೊಂಡು ಒಳಗೆ ಹೋದ. ಸೀಳಿನಲ್ಲಿ ಕೂತ ಕುಡಿಗೆ ಪಟ್ಟಿ ಕಟ್ಟುವುದು ಬಾಕಿಯಿತ್ತು. ಹಾಗೇ ಬಿಟ್ಟರೆ ಒಣಗುತ್ತದೆಂದು ಅಕ್ಕ ಕಟ್ಟಿದಳು.

ಕೆಲವು ವಾರಗಳ ಮೇಲೆ ಪಟ್ಟಿಯ ಮೇಲ್ಗಡೆ ಒಂದು ಕೆಂಪು ಚಿಗುರು ಕಾಣಿಸಿತು. ಅಕ್ಕ ಎರಡು ದಿನ ಸುಮ್ಮನಿದ್ದು ನೋಡಿದಳು. ಚಿಗುರು ಎಲೆಯಾಗಿ ಬಿಚ್ಚಿಕೊಂಡಿತು. ದೇವರ ಮುಂದೆ ದೀಪ ಹಚ್ಚಿ, ಏನು ಕೇಳಿಕೊಳ್ಳಬೇಕೆಂದು ತಿಳಿಯದೆ ಬರಿದೇ ಕೈಮುಗಿದು, ಕೋಲ್ಡ್ ಸ್ಟೋರೇಜಿನ ಕಡೆ ನಡೆದಳು.

ತಮ್ಮ ಹಿಂಬಾಗಿಲಲ್ಲಿ ಲಾರಿಗೆ ಪೆಟ್ಟಿಗೆ ತುಂಬುತ್ತಿದ್ದ. ಒಳಗಿನ ಚಳಿಗಾಳಿ ಅವನ ಬೆನ್ನ ಹಿಂದಿನಿಂದ ಹೊಗೆಯಂತೆ ಹೊರಬರುತ್ತಿತ್ತು. ಮಾಸಿದ ಉಣ್ಣೆಯ ಟೋಪಿ ಹುಬ್ಬಿನವರೆಗೂ ಇಳಿದಿತ್ತು.

“ನೀನು ಕೊಯ್ದಿದ್ದು ಕೂಡಿದೆ ಕಣೋ” ಎಂದಳು. “ಎಲೆ ಬಿಟ್ಟಿದೆ.”

ಅವನು ಪೆಟ್ಟಿಗೆಯನ್ನು ಹೆಗಲ ಮೇಲೆ ಸರಿಮಾಡಿಕೊಂಡ.

“ಹೌದಾ” ಎಂದ.

“ಒಂದು ಸಲ ಬಂದು ನೋಡು.”

“ಮನೆಯಲ್ಲೇ ಇರ್ತೀನಲ್ಲ ಅಕ್ಕ, ಕಾಣುತ್ತೆ ಬಿಡು.”

ಒಳಗಿನಿಂದ ಯಾರೋ ಕೂಗಿದರು. ಪೆಟ್ಟಿಗೆಯನ್ನು ಲಾರಿಗೆ ಇಳಿಸಿ, ಇನ್ನೊಂದಕ್ಕೆಂದು ತಿರುಗಿದವನು ಬಾಗಿಲಲ್ಲಿ ನಿಂತ.

“ನೀರು ಜಾಸ್ತಿ ಹಾಕ್ಬೇಡ” ಎಂದ. “ಬೇರು ಕೊಳೆಯುತ್ತೆ.”

ದಪ್ಪ ಬಾಗಿಲು ಅವನ ಹಿಂದೆ ನಿಧಾನವಾಗಿ ಮುಚ್ಚಿಕೊಂಡಿತು. ಲಾರಿಯವನು ಪಕ್ಕಕ್ಕೆ ನಿಲ್ಲಿ ಎಂದಾಗ ಅಕ್ಕ ಮನೆಯ ದಾರಿ ಹಿಡಿದಳು.