ಬಾಯಿ ತೆರೆದು ಕೇಳಿದ ಹಾಡುಗಳು

ನಮ್ಮ ಹಲ್ಲು ಡಾಕ್ಟರ ಹತ್ತಿರ ಇರುವುದು ಒಂದೇ ಸಿ.ಡಿ. ಕಾಲೇಜಿನಲ್ಲಿ ಅವರೂ ಗೆಳೆಯರೂ ಸೇರಿ ತಾವೇ ಮಾಡಿಕೊಂಡ ಆಲ್ಬಂ. ಅಂಗಡಿಯಲ್ಲೂ ಸಿಗದು, ಫೋನಿನಲ್ಲೂ ಸಿಗದು. ರೋಗಿ ಕುರ್ಚಿಗೆ ಒರಗಿದ ಕೂಡಲೇ ಮೊದಲ ಹಾಡಿನಿಂದ ಶುರು. ಹಾಗಾಗಿ ಯಾರಿಗೆ ಎಷ್ಟು ಹಾಡು ಬರುತ್ತದೆ ಎನ್ನುವುದು ಯಾರ ಹಲ್ಲು ಎಷ್ಟು ಕೆಟ್ಟಿದೆ ಎನ್ನುವುದರ ಮೇಲೆ ನಿಂತಿದೆ. ಬರೀ ಕ್ಲೀನಿಂಗ್ ಮಾಡಿಸಿಕೊಂಡ ನನಗೆ ಹಲ್ಲವಿಯ, ಕ್ಷಮಿಸಿ, ಪಲ್ಲವಿಯ ಪರಿಚಯವಷ್ಟೇ. ರೂಟ್ ಕೆನಾಲ್ ಆದ ಅಪ್ಪ ಅರ್ಧ ವಿದ್ವಾಂಸರು. ಇಡೀ ಸೆಟ್ಟು ಕಟ್ಟಿಸಿಕೊಳ್ಳಲು ಹೊರಟ ಅಜ್ಜಿಯದು ಮಾತ್ರ ಪಿಎಚ್.ಡಿ.

ಮೊದಲ ದಿನ ಅಜ್ಜಿ ವಾಪಸು ಬರುವಾಗ ಬಸ್ಸಿನಲ್ಲೇ ಮೂಗು ಮುರಿದಿದ್ದಳು. "ಅದೇನ್ ಹಾಡೋ! ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಿಹಾಕ್ಕೊಂಡ ಹಾಗೆ." ಎರಡನೆಯ ಭೇಟಿಗೆ, ಬೆಕ್ಕಿನ ಹಿಂದೆ ಒಂದು ಕೊಳಲೂ ಇದೆ ಎಂದಳು. ಬಾಯಿ ತುಂಬ ಅಚ್ಚು ತೆಗೆಯುವ ಪೇಸ್ಟು ತುಂಬಿಕೊಂಡು, ಅದು ಗಟ್ಟಿಯಾಗಲೆಂದು ಕಾಯುವವರಿಗೆ ಕೇಳುವುದು ಬಿಟ್ಟು ಬೇರೇನು ಕೆಲಸ? ಬರಬರುತ್ತಾ ಹಾಡುಗಳು ಅವಳಿಗೆ ಸೊಸೆಯಂದಿರಾದವು.

"ಮೂರನೇದು ಸ್ವಲ್ಪ ಸಿಡುಕಿ ಕಣೋ, ಆದ್ರೆ ಮನಸ್ಸು ಒಳ್ಳೇದು. ನಾಲ್ಕನೇದರ ಮಧ್ಯ ಯಾವನೋ ಕೆಮ್ತಾನಲ್ಲ, ಆ ಕೆಮ್ಮು ಕೇಳಿದ್ರೇನೇ ನಂಗೆ ಸಮಾಧಾನ."

ಪಾತ್ರೆ ತೊಳೆಯುವಾಗ ಅವೇ ಹಾಡುಗಳನ್ನು ಗುನುಗುವಳು, ನಡುನಡುವೆ ಡ್ರಿಲ್ಲಿನ "ಝೂಂಯ್" ಕೂಡ ಸೇರಿಸಿ. ಅಣಕಿಸುವುದು ನನ್ನ ಹುಟ್ಟುಗುಣ, ಡಾಕ್ಟರ ದನಿಯಲ್ಲಿ "ಆ ಅನ್ನಿ... ಇನ್ನೂ ದೊಡ್ಡ ಆ" ಎಂದು ಆಲಾಪ ಜೋಡಿಸುವೆ. ಅಪ್ಪ ಕೆನ್ನೆ ಹಿಡಿದುಕೊಂಡು ಎದ್ದುಹೋಗುವರು.

ಅಜ್ಜಿಗೆ ಒಂದೇ ಕೊರಗು. ಕ್ಲಿನಿಕ್ಕಿನ ಗೋಡೆಗೆ ನೇತುಹಾಕಿದ ಸಿ.ಡಿ. ಕವರಿನಲ್ಲಿ ಎಂಟು ಹಾಡುಗಳ ಹೆಸರುಗಳಿದ್ದವು. ಏಳನೆಯದು ಮುಗಿಯುತ್ತಿದ್ದಂತೆ ಡಾಕ್ಟರು, ಕೈಗೆ ಗ್ಲೌಸು ಇರುತ್ತಿತ್ತಲ್ಲ, ಮೊಣಕೈಯಿಂದಲೇ ಗುಂಡಿ ಒತ್ತಿ ಮತ್ತೆ ಮೊದಲಿಗೆ ಹೋಗುತ್ತಿದ್ದರು. ಇವತ್ತು ಸೆಟ್ಟು ಕೈಗೆ, ಅಲ್ಲ, ಬಾಯಿಗೆ ಬರುವ ದಿನ. ಜೊತೆಗೆ ನಾನೂ ಹೋಗಿದ್ದೆ. ಇನ್ನು ಇಲ್ಲಿಗೆ ಬರಲು ಅಜ್ಜಿಗೆ ನೆಪವೇ ಇರಲಿಲ್ಲ.

ಸೆಟ್ಟು ಹೇಳಿ ಮಾಡಿಸಿದ ಹಾಗೆ ಕೂತಿತು. ಆದರೂ ಅಜ್ಜಿ, "ಇಲ್ಲಿ ಒತ್ತುತ್ತೆ" ಅಂದಳು. ಡಾಕ್ಟರು ತೆಗೆದು ಉಜ್ಜಿ ಕೊಟ್ಟರು.

"ಈಗ ಅಲ್ಲಿ."

ಮತ್ತೆ ಉಜ್ಜಿದರು.

"ಈಗ ಎರಡೂ ಕಡೆ."

"ಅಮ್ಮಾ, ಇನ್ನೂ ಉಜ್ಜಿದ್ರೆ ಪುಡಿಯನ್ನ ಪೊಟ್ಟಣ ಕಟ್ಟಿ ಕೊಡ್ಬೇಕಾಗುತ್ತೆ!"

ಅಷ್ಟರಲ್ಲಿ ಏಳನೆಯ ಹಾಡು ಮುಗಿಯಿತು. ಡಾಕ್ಟರ ಮೊಣಕೈ ಮೇಲೆದ್ದಿತು. ಅಜ್ಜಿ ಅದನ್ನು ಗಪ್ಪನೆ ಹಿಡಿದುಕೊಂಡಳು.

"ಎಂಟನೇದು ಹಾಕು. ಇಲ್ಲಾಂದ್ರೆ ಈ ಹಲ್ಲು ನೀನೇ ಇಟ್ಕೋ." ಹೇಳಿದ್ದಷ್ಟೇ ಅಲ್ಲ, ಸೆಟ್ಟು ತೆಗೆದು ಟ್ರೇಯಲ್ಲಿ ಇಟ್ಟೂಬಿಟ್ಟಳು.

ಡಾಕ್ಟರ ಕಿವಿ ಕೆಂಪಾಯಿತು. ದಿನವೂ ಊರವರ ಬಾಯಿ ತೆರೆಸುವವರು ಈಗ ತಾವೇ ಬಾಯಿಬಿಟ್ಟರು. "ಬೇರೆಯದ್ರಲ್ಲೆಲ್ಲ ನಾನು ಬರೀ ಡ್ರಮ್ಸು. ಅದೊಂದರಲ್ಲಿ... ಹಾಡಿರೋದು ನಾನು. ಆವಾಗ ಕೇಳಿದೋರೆಲ್ಲ ನಕ್ಕುಬಿಟ್ರಮ್ಮಾ."

"ನಗೋಕೆ ನಂಗೆ ಹಲ್ಲೆಲ್ಲಿದೆಯೋ? ಹಾಕು."

ಹಾಡು ಬಂತು. ಏಣಿ ಹಾಕಿಕೊಂಡು ಮೇಲಿನ ಸ್ವರಕ್ಕೆ ಹತ್ತಿ, ಅಷ್ಟರಲ್ಲಿ ಏಣಿಯನ್ನು ಯಾರೋ ಎತ್ತಿಕೊಂಡು ಹೋದಾಗ ಅಲ್ಲೇ ನೇತಾಡುತ್ತಾ ಉಳಿದವನ ದನಿ. ಅಣಕಿಸಲು ನನ್ನ ಗಂಟಲು ತುರಿಸಿತು. ಅಜ್ಜಿಯ ಕಣ್ಣು ನೋಡಿ ನುಂಗಿಕೊಂಡೆ. ಮುಗಿಯುವ ಹೊತ್ತಿಗೆ ಡಾಕ್ಟರು ಮಾಸ್ಕನ್ನು ಹೆಚ್ಚುಕಡಿಮೆ ಕಣ್ಣಿನವರೆಗೆ ಎಳೆದುಕೊಂಡಿದ್ದರು.

"ಚೆನ್ನಾಗಿಲ್ಲ" ಅಂದಳು ಅಜ್ಜಿ.

"ಗೊತ್ತು."

"ಏನ್ ಗೊತ್ತು ನಿಂಗೆ, ಮಣ್ಣು? ಮೊದಲನೇ ಹಾಡೂ ಮೊದಲನೇ ಸಲ ಚೆನ್ನಾಗಿರಲಿಲ್ಲ. ಇನ್ನೊಂದ್ಸಲ ಹಾಕು."

ಹಲ್ಲನ್ನು ಬಾಯಿಗೆ ಸೇರಿಸಿ ಕುರ್ಚಿಗೆ ಒರಗಿದಳು. ಉಜ್ಜುವುದಕ್ಕಾಗಲಿ ನೋಡುವುದಕ್ಕಾಗಲಿ ಇನ್ನೇನೂ ಉಳಿದಿರಲಿಲ್ಲ. ಆದರೂ ಹಾಡು ಶುರುವಾದದ್ದೇ ತಡ, ಅಭ್ಯಾಸಬಲದಿಂದ ಬಾಯಿಯನ್ನು ಅಗಲವಾಗಿ ತೆರೆದುಕೊಂಡು ಕಣ್ಣು ಮುಚ್ಚಿದಳು.